ಇ. ಬಿ. ಫ್ರೆಡ್ ಎಂಬ ಬ್ಯಾಕ್ಟೀರಿಯಾ ಮೇಷ್ಟ್ರನ್ನು ಯಾವ ಲೆಕ್ಕಕ್ಕೆ ಹಾಕೋದು?

ಕೆರೆದಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಜೈವಿಕ ಗೊಬ್ಬರದ ಮಾತು ಬಂದಾಗ ನಾನು ಎಡ್ವಿನ್ ಬ್ರೌನ್ ಫ್ರೆಡ್ ಅನ್ನೋ ಹೆಸರು ಹೇಳಿದ್ದೆ. ಇಬ್ಬರು ಮೂವರು 'ಯಾರಪ್ಪಾ ಇವರು' ಅಂತ ಕೇಳಿದ್ದರು. ಅಲ್ಲಿ ಉದ್ದ ಬರೆದರೆ ದಾರಿ ತಪ್ಪುತ್ತದೆ ಅಂತ ಬೇರೆ ಎಳೆ ಶುರು ಮಾಡಿದ್ದೇನೆ.

1887ರಲ್ಲಿ ಅಮೆರಿಕದ ವರ್ಜೀನಿಯಾದ ಮಿಡಲ್‌ಬರ್ಗ್‌ನಲ್ಲಿ ಹುಟ್ಟಿದವರು. ವರ್ಜೀನಿಯಾ ಪಾಲಿಟೆಕ್ನಿಕ್‌ನಲ್ಲಿ ಓದಿ, ಜರ್ಮನಿಯ ಗಾಟಿಂಗೆನ್‌ನಲ್ಲಿ 1911ರಲ್ಲಿ ಡಾಕ್ಟರೇಟ್ ಮಾಡಿದರು. ಆಗೆಲ್ಲ ಬ್ಯಾಕ್ಟೀರಿಯಾ ವಿಜ್ಞಾನ ಕಲಿಯಬೇಕು ಅಂದರೆ ಜರ್ಮನಿಗೇ ಹೋಗಬೇಕಿತ್ತು. ವಾಪಸ್ ಬಂದು ಕೆಲ ಕಾಲದಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿದರು. ಆಮೇಲೆ 1981ರಲ್ಲಿ ತೀರಿಕೊಳ್ಳುವ ತನಕ ಅವರ ಊರು ಆ ವಿಶ್ವವಿದ್ಯಾಲಯ ಇರುವ ಮ್ಯಾಡಿಸನ್ನೇ.

ಅವರ ಕೆಲಸ ಮಣ್ಣಿನಲ್ಲಿ. ತೊಗರಿ, ಹೆಸರು, ಶೇಂಗಾದ ಗಿಡ ಕಿತ್ತರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣ್ತವಲ್ಲ, ಅದರೊಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾದ ಮೇಲೆ. ಈ ಗಂಟುಗಳೇ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದು ಕೊಡುತ್ತವೆ ಅಂತ ತೋರಿಸಿದ್ದು ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್, 1880ರ ದಶಕದಲ್ಲಿ. ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಬೆಳೆಸಿದ್ದು ಬೈಯರಿಂಕ್, 1888ರಲ್ಲಿ. ಫ್ರೆಡ್ ಮೊದಲಿಗರಲ್ಲ. ಆದರೆ ಯಾವ ಬ್ಯಾಕ್ಟೀರಿಯಾ ಯಾವ ಬೆಳೆಗೆ ಹೊಂದುತ್ತದೆ ಅನ್ನೋ ದೊಡ್ಡ ಗೋಜಲನ್ನು ಬಿಡಿಸಿ ಕೂರಿಸಿದ್ದು ಅವರ ಗುಂಪು. ಇರಾ ಬಾಲ್ಡ್‌ವಿನ್, ಎಲಿಜಬೆತ್ ಮೆಕಾಯ್ ಜೊತೆ ಸೇರಿ 1932ರಲ್ಲಿ ಅವರು ತಂದ 'ರೂಟ್ ನಾಡ್ಯೂಲ್ ಬ್ಯಾಕ್ಟೀರಿಯಾ ಅಂಡ್ ಲೆಗ್ಯೂಮಿನಸ್ ಪ್ಲಾಂಟ್ಸ್' ಪುಸ್ತಕ ಆ ವಿಷಯಕ್ಕೆ ಬಹಳ ಕಾಲ ಆಧಾರ ಗ್ರಂಥವಾಗಿತ್ತು.

ಇದು ಅರ್ಧ ಕಥೆ. 1934ರಲ್ಲಿ ಸ್ನಾತಕೋತ್ತರ ಶಾಲೆಯ ಡೀನ್, 1943ರಲ್ಲಿ ಕೃಷಿ ಕಾಲೇಜಿನ ಡೀನ್, 1945ರಿಂದ 1958ರ ತನಕ ಇಡೀ ವಿಶ್ವವಿದ್ಯಾಲಯದ ಅಧ್ಯಕ್ಷ. ಅಲ್ಲಿಯ ಅಧ್ಯಕ್ಷ ಅಂದರೆ ನಮ್ಮಲ್ಲಿಯ ಕುಲಪತಿ ಅಂದುಕೊಳ್ಳಿ, ಅಧಿಕಾರ ಮಾತ್ರ ಇನ್ನೂ ಜಾಸ್ತಿ.

ನನ್ನ ಪ್ರಶ್ನೆ ಇಷ್ಟೆ: ಸೂಕ್ಷ್ಮದರ್ಶಕದ ಮುಂದೆ ಇಷ್ಟು ಚೆನ್ನಾಗಿ ಕೂತಿದ್ದ ಮನುಷ್ಯ ಕಡತದ ಮುಂದೆ ಹೋಗಿ ಕೂತದ್ದು ಲಾಭವೋ ನಷ್ಟವೋ?

ಶೇಂಗಾ ಗೌಡ್ರು ಬರೆದದ್ದು:

ಅಲ್ರೀ ಕೆರೆದಂಡೆಯವರ, ಅಧ್ಯಕ್ಷಗಿರಿ ಹಿಂದಾಗಡೆ ನೋಡೂಣಂತ. ಮೊದ್ಲ ನನ್ನ ತಕರಾರು ಕೇಳ್ರಿ. ನಾ ಮೂರು ವರ್ಷ ಶೇಂಗಾಕ್ಕ ರೈಜೋಬಿಯಂ ಪಾಕೀಟು ಹಚ್ಚೀನಿ. ಬೆಲ್ಲದ ನೀರು ಕುದಿಸಿ, ಆರಿಸಿ, ಪುಡಿ ಕಲಸಿ, ಬೀಜಕ್ಕ ಸವರಿ, ನೆರಳಾಗ ಒಣಗಿಸಿ, ಎಲ್ಲಾ ಹೇಳಿದಂಗ ಮಾಡೇನಿ. ಹಚ್ಚಿದ ಪಟ್ಟಿಗೂ ಹಚ್ಚದ ಪಟ್ಟಿಗೂ ಕೂದಲೆಳಿ ಫರಕ್ ಕಾಣಲಿಲ್ಲ. ನಿಮ್ಮ ಫ್ರೆಡ್ ಸಾಹೇಬ್ರು ಏನ್ ಬಿಡಿಸಿ ಕೂರಿಸ್ಯಾರೋ ನನಗಂತೂ ತಿಳೀಲಿಲ್ಲ.

ಅಗಾರ್ ಅಕ್ಕ ಬರೆದದ್ದು:

ಗೌಡ್ರೇ, ನಿಮ್ಮ ತಕರಾರಿಗೆ ಉತ್ತರ ಇರೋದು ಅದೇ ಪುಸ್ತಕದ ವಿಷಯದಲ್ಲೇ. ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡ್ತೀನಿ, ಸ್ವಲ್ಪ ಉದ್ದ ಆದ್ರೆ ಕ್ಷಮಿಸಿ.

ಫ್ರೆಡ್ ಗುಂಪು ದ್ವಿದಳ ಗಿಡಗಳನ್ನ ಬಳಗಗಳಾಗಿ ವಿಂಗಡಿಸಿತು. ಬಟಾಣಿಯದೊಂದು ಬಳಗ, ಕುದುರೆ ಮಸಾಲೆಯದೊಂದು, ಸೋಯಾದ್ದೊಂದು, ಅಲಸಂದೆಯದೊಂದು, ಹೀಗೆ. ಒಂದು ಬಳಗದೊಳಗಿನ ಯಾವ ಗಿಡದ ಗಂಟಿನಿಂದ ತೆಗೆದ ಬ್ಯಾಕ್ಟೀರಿಯಾ ಆದರೂ ಅದೇ ಬಳಗದ ಇನ್ನೊಂದು ಗಿಡದಲ್ಲಿ ಗಂಟು ಕಟ್ಟತ್ತೆ, ಹೊರಗಿನದರಲ್ಲಿ ಕಟ್ಟಲ್ಲ ಅನ್ನೋದು ಲೆಕ್ಕ. ನಿಮ್ಮ ಶೇಂಗಾ ಅಲಸಂದೆ ಬಳಗಕ್ಕೆ ಸೇರಿದ್ದು. ತೊಗರಿ, ಹೆಸರು ಕೂಡ ಅಲ್ಲಿಯವೇ. ನಮ್ಮ ಹೊಲಗಳಲ್ಲಿ ಇವನ್ನೆಲ್ಲ ತಲೆತಲಾಂತರದಿಂದ ಬೆಳೀತಾ ಇರೋದ್ರಿಂದ ಆ ಬಳಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಮೊದಲೇ ತುಂಬಿಕೊಂಡಿದೆ. ನೀವು ಪಾಕೀಟಿನಿಂದ ಬಿಟ್ಟ ಹೊಸಬರು ಆ ಹಳಬರ ಜೊತೆ ಪೈಪೋಟಿಗೆ ಇಳೀಬೇಕು. ಬಹಳ ಸಲ ಹಳಬರೇ ಗೆಲ್ತಾರೆ. ಫರಕ್ ಕಾಣದೆ ಇದ್ದದ್ದು ಅದಕ್ಕೇ ಇರಬಹುದು.

ಸೋಯಾ ಕಥೆ ಬೇರೆ. ಬೀದರ, ಧಾರವಾಡ, ಬೆಳಗಾವಿ ಕಡೆ ಅದು ಈಚಿನ ಬೆಳೆ. ಅದಕ್ಕೆ ಬೇಕಾದ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ಅಷ್ಟಾಗಿ ಇರಲಿಲ್ಲ. ಸೋಯಾ ಯಾವತ್ತೂ ಹಾಕದ ಹೊಲದಲ್ಲಿ ಬೀಜೋಪಚಾರ ಮಾಡಿದ ಸಾಲು, ಮಾಡದ ಸಾಲು ಎರಡೂ ಬಿಟ್ಟು ನೋಡಿ, ಎಲೆಯ ಹಸಿರಿನಲ್ಲೇ ಗೊತ್ತಾಗತ್ತೆ.

ಒಂದು ತಿದ್ದುಪಡಿನೂ ಹೇಳಿಬಿಡ್ತೀನಿ. ಆ ಬಳಗಗಳ ಗೋಡೆ ಫ್ರೆಡ್ ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ. ಬಳಗ ದಾಟಿ ಗಂಟು ಕಟ್ಟೋ ಉದಾಹರಣೆಗಳು 1940ರ ದಶಕದಿಂದಲೇ ಸಿಗ್ತಾ ಬಂದವು. 1982ರಲ್ಲಿ ನಿಧಾನವಾಗಿ ಬೆಳೆಯೋ ಬ್ಯಾಕ್ಟೀರಿಯಾಗಳನ್ನ ಬ್ರಾಡಿರೈಜೋಬಿಯಂ ಅಂತ ಬೇರೆ ಕುಲವನ್ನೇ ಮಾಡಿದ್ರು. ಸೋಯಾದ್ದು ಅಲ್ಲಿಗೆ ಹೋಯ್ತು. ಹಾಗಂತ ಬಳಗದ ಲೆಕ್ಕ ಬಿದ್ದುಹೋಗಿಲ್ಲ. ಇವತ್ತೂ ಪಾಕೀಟಿನ ಮೇಲೆ ಯಾವ ಬೆಳೆಗೆ ಅಂತ ಬರೆದಿರತ್ತಲ್ಲ, ಅದರ ಹಿಂದಿರೋದು ಇದೇ ಲೆಕ್ಕ.

ಪಾಕೀಟು ಅಂಗಡಿಯಲ್ಲಿ ಬಿಸಿಲಿಗೆ ಬಿದ್ದಿತ್ತಾ, ಅವಧಿ ಮುಗಿದಿತ್ತಾ ಅದನ್ನೂ ನೋಡಿ. ಒಳಗಿರೋದು ಜೀವ. ಯೂರಿಯಾ ಮೂಟೆ ಇಟ್ಟ ಹಾಗೆ ಇಟ್ರೆ ಸತ್ತುಹೋಗತ್ತೆ.

ಹಳೇ ಕಡತ ಬರೆದದ್ದು:

ನಾನು ವಿಜ್ಞಾನದವನಲ್ಲ. ಮೂವತ್ತು ವರ್ಷ ಒಂದು ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲಿ ಕಡತ ಹೊತ್ತವನು. ಕುಲಪತಿಗಳನ್ನು ಹತ್ತಿರದಿಂದ ನೋಡಿದ್ದೇನೆ, ಹೆಚ್ಚು ಹೇಳುವುದಿಲ್ಲ.

ಕೆರೆದಂಡೆಯವರ ಪ್ರಶ್ನೆಗೆ ನನ್ನ ಉತ್ತರ 1946ನೇ ಇಸವಿ. ಯುದ್ಧ ಮುಗಿಯಿತು. ಸೇನೆಯಿಂದ ವಾಪಸಾದವರ ಓದಿನ ಖರ್ಚನ್ನು ಅಮೆರಿಕ ಸರ್ಕಾರವೇ ಹೊತ್ತಿತು. 1945ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸುಮಾರು 9,000 ವಿದ್ಯಾರ್ಥಿಗಳಿದ್ದರು. ಮರುವರ್ಷ ಆ ಸಂಖ್ಯೆ 18,000 ದಾಟಿತು. ಒಂದೇ ವರ್ಷದಲ್ಲಿ ಎರಡು ಪಟ್ಟು! ನಮ್ಮಲ್ಲಿ ಹಾಸ್ಟೆಲ್‌ಗೆ ಐವತ್ತು ಜನ ಹೆಚ್ಚಾದರೆ ಮೂರು ಸಮಿತಿ ಕೂರುತ್ತವೆ.

ಬಂದವರಲ್ಲಿ ಬಹಳಷ್ಟು ಮಂದಿ ಹೆಂಡತಿ ಮಕ್ಕಳಿದ್ದ ಗಂಡಸರು. ಅವರಿಗಾಗಿ ಕ್ಯಾಂಪ್ ರ‍್ಯಾಂಡಲ್‌ನಲ್ಲಿ ಟ್ರೇಲರ್ ಮನೆಗಳ ಸಾಲು ನಿಲ್ಲಿಸಿದರು. ಬ್ಯಾರಬೂ ಹತ್ತಿರದ ಮದ್ದುಗುಂಡಿನ ಕಾರ್ಖಾನೆಯ ಕಾರ್ಮಿಕರ ವಸತಿ ಖಾಲಿಯಾಗುತ್ತಿತ್ತು. ಅದನ್ನೇ ಬ್ಯಾಜರ್ ವಿಲೇಜ್ ಅಂತ ವಿದ್ಯಾರ್ಥಿ ಸಂಸಾರಗಳಿಗೆ ಕೊಟ್ಟರು. ಮ್ಯಾಡಿಸನ್‌ನಿಂದ 35 ಮೈಲಿ ದೂರ, ದಿನಾ ಬಸ್ಸಿನ ಓಡಾಟ. ಪಾಠಕ್ಕೆ ಜಾಗ ಸಾಲದೆ ಸೇನೆಯ ಕಮಾನು ತಗಡಿನ ಕ್ವಾನ್ಸೆಟ್ ಕೊಟ್ಟಿಗೆಗಳನ್ನು ಆವರಣದ ಮಧ್ಯದಲ್ಲೇ ಎಬ್ಬಿಸಿದರು. ಗ್ರಂಥಾಲಯಕ್ಕೆ ಸ್ವಂತದ ದೊಡ್ಡ ಕಟ್ಟಡ ಆದದ್ದು 1953ರಲ್ಲಿ.

ಫ್ರೆಡ್ ಬಂದವರನ್ನು ಮೊದಲು ಒಳಗೆ ಬಿಟ್ಟರು, ಛಾವಣಿಯ ಯೋಚನೆ ಆಮೇಲೆ. ಆಡಳಿತಗಾರನ ಬೆಲೆ ತಿಳಿಯುವುದು ಇಂಥಲ್ಲಿ, ಘಟಿಕೋತ್ಸವದ ಭಾಷಣದಲ್ಲಲ್ಲ.

ಮೆಂಡೋಟ ಮಂಜು ಬರೆದದ್ದು:

ಮ್ಯಾಡಿಸನ್‌ನಿಂದ ಬರೀತಿದ್ದೀನಿ, ಹೊರಗೆ ಹಿಮ. ಹಳೇ ಕಡತ ಸರ್ ಹೇಳಿದ್ದಕ್ಕೆ ಒಂದೆರಡು ಸೇರಿಸ್ತೀನಿ.

ಅಧ್ಯಕ್ಷರಾದ ಮೇಲೂ ಫ್ರೆಡ್ ಇದ್ದದ್ದು ಬ್ಯಾಬ್‌ಕಾಕ್ ರಸ್ತೆಯ ಕೃಷಿ ಡೀನ್ ಮನೆಯಲ್ಲೇ. ಡೇರಿ ಕಟ್ಟಡ ಹತ್ತಿರದಲ್ಲೇ ಇದೆ, ಅಲ್ಲಿನ ಐಸ್‌ಕ್ರೀಮ್‌ಗೆ ಈಗಲೂ ಸಾಲು ನಿಲ್ತಾರೆ. ಅವರ ಹೆಸರಿಟ್ಟಿದ್ದ ಬ್ಯಾಕ್ಟೀರಿಯಾ ವಿಭಾಗದ ಫ್ರೆಡ್ ಹಾಲ್ ಮಾತ್ರ ಈಗಿಲ್ಲ. ಕೆಡವಿ ಹೊಸ ಮೈಕ್ರೋಬಿಯಲ್ ಸೈನ್ಸಸ್ ಕಟ್ಟಡ ಕಟ್ಟಿದ್ದಾರೆ. ನನ್ನ ಜೊತೆ ಓದಿದ ಎಷ್ಟೋ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ.

ಇನ್ನೊಂದು ವಿಷಯ. ಬ್ಯಾಕ್ಟೀರಿಯಾದವರೇ ಇಲ್ಲಿ ಯಾಕೆ ಆಡಳಿತಕ್ಕೆ ಬರ್ತಿದ್ದರು ಅನ್ನೋದಕ್ಕೆ ಹಿನ್ನೆಲೆ ಇದೆ. ಫ್ರೆಡ್‌ಗಿಂತ ಮೊದಲು ಹ್ಯಾರಿ ರಸೆಲ್ ಅಂತ ಒಬ್ಬರಿದ್ದರು. 1890ರ ದಶಕದಲ್ಲಿ ಡಬ್ಬಿಯಲ್ಲಿ ತುಂಬಿದ ಬಟಾಣಿ ಹುಳಿತು ಡಬ್ಬಿಗಳು ಉಬ್ಬಿ ಒಡೀತಿದ್ದವು. ಅದು ಬ್ಯಾಕ್ಟೀರಿಯಾದ ಕೆಲಸ, ಶಾಖ ಹೆಚ್ಚಿಸಿ ಅಂತ ಹೇಳಿ ಕಾರ್ಖಾನೆಯವರ ನಷ್ಟ ತಪ್ಪಿಸಿದ್ದು ಅವರು. ನೋಡೋಕೆ ದಷ್ಟಪುಷ್ಟವಾಗಿದ್ದ ವಿಶ್ವವಿದ್ಯಾಲಯದ ಹಸುಗಳಿಗೇ ಟ್ಯೂಬರ್ಕ್ಯುಲಿನ್ ಪರೀಕ್ಷೆ ಮಾಡಿ ಬಹುಪಾಲಿಗೆ ಕ್ಷಯ ಇದೆ ಅಂತ ತೋರಿಸಿದರು. 1907ರಲ್ಲಿ ಅವರು ಕೃಷಿ ಕಾಲೇಜಿನ ಡೀನ್ ಆದರು. ಹಾಲು, ಚೀಸ್, ಬಟಾಣಿ ಡಬ್ಬಿ, ಇವೇ ಈ ರಾಜ್ಯದ ಬದುಕು. ಇವು ಮೂರನ್ನೂ ಕೆಡಿಸೋದು, ಕಾಪಾಡೋದು ಕಣ್ಣಿಗೆ ಕಾಣದ ಜೀವಿ. ಹಾಗಾಗಿ ರೈತನ ಜೊತೆ, ಕಾರ್ಖಾನೆಯವನ ಜೊತೆ, ಶಾಸಕನ ಜೊತೆ ಕೂತು ಮಾತಾಡೋದು ಈ ವಿಭಾಗದವರಿಗೆ ಮೊದಲಿಂದ ರೂಢಿ. ಫ್ರೆಡ್ ಹತ್ತಿದ್ದು ರಸೆಲ್ ಹಾಕಿದ್ದ ಮೆಟ್ಟಿಲು.

ಕಡಲ ಬದಿ ಬರೆದದ್ದು:

ಎಲ್ಲ ಚಂದ ಉಂಟು ಮಾರಾಯ್ರೆ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಗೊತ್ತಿಲ್ಲದ್ದೋ, ಬೇಡ ಅಂತ ಬಿಟ್ಟದ್ದೋ?

1941ರ ಕೊನೆಗೆ ಅಮೆರಿಕದ ಯುದ್ಧ ಇಲಾಖೆಯ ಕೋರಿಕೆ ಮೇರೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಒಂದು ಗುಟ್ಟಿನ ಸಮಿತಿ ಮಾಡಿತು. ರೋಗಾಣುಗಳನ್ನು ಆಯುಧ ಮಾಡಲಿಕ್ಕೆ ಆಗ್ತದಾ ಅಂತ ನೋಡುವುದು ಅದರ ಕೆಲಸ. ಅಧ್ಯಕ್ಷ ಯಾರು? ನಿಮ್ಮ ಬೇರುಗಂಟಿನ ಫ್ರೆಡ್. 1942ರ ಫೆಬ್ರವರಿಯಲ್ಲಿ ಅವರ ವರದಿ ಬಂತು: ಆಗ್ತದೆ, ನಾವು ತಯಾರಾಗಬೇಕು. ಆಮೇಲೆ ವಾರ್ ರಿಸರ್ಚ್ ಸರ್ವಿಸ್ ಅಂತ ಒಂದು ಸಂಸ್ಥೆ ಹುಟ್ಟಿತು. ಅದರ ಮುಖ್ಯಸ್ಥ ಔಷಧಿ ಕಂಪನಿಯ ಜಾರ್ಜ್ ಮರ್ಕ್, ಸಂಶೋಧನೆಯ ಹೊಣೆ ಫ್ರೆಡ್‌ದು. ಅದನ್ನು ಇಟ್ಟದ್ದು ಎಲ್ಲಿ ಗೊತ್ತುಂಟಾ? ಜನಕಲ್ಯಾಣದ ಕೆಲಸ ನೋಡುವ ಫೆಡರಲ್ ಸೆಕ್ಯುರಿಟಿ ಏಜೆನ್ಸಿಯ ಒಳಗೆ, ಯಾರಿಗೂ ಸಂಶಯ ಬಾರದ ಹಾಗೆ.

1943ರಲ್ಲಿ ಮೇರಿಲ್ಯಾಂಡ್‌ನಲ್ಲಿ ಕ್ಯಾಂಪ್ ಡೆಟ್ರಿಕ್ ಶುರುವಾಯಿತು. ಆಂಥ್ರಾಕ್ಸ್ ರೋಗಾಣು, ಬೊಟುಲಿನಂ ಬ್ಯಾಕ್ಟೀರಿಯಾದ ವಿಷ ಎಲ್ಲ ಅಲ್ಲಿ. ಅಲ್ಲಿನ ಮೊದಲ ವೈಜ್ಞಾನಿಕ ನಿರ್ದೇಶಕ ಇರಾ ಬಾಲ್ಡ್‌ವಿನ್. ಹೌದು, ಕೆರೆದಂಡೆಯವರು ಮೇಲೆ ಹೇಳಿದ ಪುಸ್ತಕದ ಎರಡನೇ ಹೆಸರು. ಬಾಲ್ಡ್‌ವಿನ್ ಕರೆದುಕೊಂಡ ಹಳೆಯ ಶಿಷ್ಯರಲ್ಲಿ ಒಬ್ಬ ಫ್ರಾಂಕ್ ಓಲ್ಸನ್, 1938ರಲ್ಲಿ ವಿಸ್ಕಾನ್ಸಿನ್‌ನಲ್ಲೇ ಡಾಕ್ಟರೇಟ್ ಮಾಡಿದವ. ಆ ಪುಣ್ಯಾತ್ಮನಿಗೆ 1953ರಲ್ಲಿ ಸಿಐಎಯವರು ತಿಳಿಸದೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಕುಡಿಸಿದರು. ಕೆಲವೇ ದಿನದಲ್ಲಿ ನ್ಯೂಯಾರ್ಕಿನ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತ. ಅದರಲ್ಲಿ ಫ್ರೆಡ್‌ರ ಕೈ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಮ್ಯಾಡಿಸನ್‌ನ ಪ್ರಯೋಗಶಾಲೆಯಿಂದ ಡೆಟ್ರಿಕ್‌ಗೆ ಹೋದ ದಾರಿ ತೋರಿಸಿದವರು ಯಾರು ಅಂತ ಕೇಳ್ತೇನೆ.

ಲಾಭ ನಷ್ಟ ಬರೆಯುವಾಗ ಇದನ್ನು ಯಾವ ಕಾಲಂಗೆ ಹಾಕ್ತೀರಿ?

ಕೆರೆದಂಡೆ ಬರೆದದ್ದು:

ಒಪ್ಪುತ್ತೇನೆ, ನಾನು ಬೇಕೆಂದೇ ಬಿಟ್ಟಿದ್ದೆ. ಮೊದಲ ಬರಹದಲ್ಲೇ ಆಂಥ್ರಾಕ್ಸ್ ಅಂದಿದ್ದರೆ ಬೇರುಗಂಟಿನ ಕಥೆ ಯಾರೂ ಓದುತ್ತಿರಲಿಲ್ಲ. ಅದು ನ್ಯಾಯವಲ್ಲ ಅಂದರೆ ಅದನ್ನೂ ಒಪ್ಪುತ್ತೇನೆ.

ಬಾಲ್ಡ್‌ವಿನ್ ವಿಷಯ ನನ್ನನ್ನು ಬಹಳ ಕಾಡಿದ್ದು. ಅವರದು ಕ್ವೇಕರ್ ಹಿನ್ನೆಲೆಯ ಮನೆ. ಕ್ವೇಕರರು ಯುದ್ಧವನ್ನೇ ಒಪ್ಪದ ಪಂಥದವರು. ಕರೆ ಬಂದಾಗ ಅವರು ಯೋಚಿಸಿದ ರೀತಿಯನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ: ಯುದ್ಧ ಅಂದ ಮೇಲೆ ಕೊಲ್ಲುವುದೇ ಅನೈತಿಕ, ಅದನ್ನು ಒಪ್ಪಿಕೊಂಡ ಮೇಲೆ ಯಾವುದರಿಂದ ಕೊಂದರೂ ಹೆಚ್ಚು ವ್ಯತ್ಯಾಸವಿಲ್ಲ ಅನ್ನೋ ಧಾಟಿ. ಸೇನೆಯ ಹುದ್ದೆ ಮಾತ್ರ ಬೇಡ ಅಂದು ಸಾಮಾನ್ಯ ಪ್ರಜೆಯಾಗಿಯೇ ಆ ಕೆಲಸ ಮಾಡಿದರು. ಈ ತರ್ಕ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಅವರು ಯೋಚಿಸಲೇ ಇಲ್ಲ ಅನ್ನುವ ಹಾಗೂ ಇಲ್ಲ. ಅವರು 103 ವರ್ಷ ಬದುಕಿದರು. ಫ್ರೆಡ್ ಅಧ್ಯಕ್ಷರಾಗಿದ್ದಾಗ ಅವರ ಕೈಕೆಳಗೆ ಉಪಾಧ್ಯಕ್ಷರೂ ಆಗಿದ್ದರು. ಡೆಟ್ರಿಕ್ ಕಟ್ಟಿದ ಜೋಡಿಯೇ ಬಂದು ವಿಶ್ವವಿದ್ಯಾಲಯ ನಡೆಸಿತು.

ಅಗಾರ್ ಅಕ್ಕ ಬರೆದದ್ದು:

ಕಡಲ ಬದಿಯವರೇ, ಪ್ರಶ್ನೆ ಸರಿ ಇದೆ. ಆದ್ರೆ 1941ರ ಕಾಲ ನೆನಪಿಟ್ಟುಕೊಳ್ಳಿ. ಜಪಾನು, ಜರ್ಮನಿ ರೋಗಾಣು ಆಯುಧ ಮಾಡ್ತಿರಬಹುದು ಅನ್ನೋ ಭಯ ಇತ್ತು. ಜಪಾನಿನ ವಿಷಯದಲ್ಲಿ ಅದು ನಿಜವೂ ಆಗಿತ್ತು, ಮಂಚೂರಿಯಾದಲ್ಲಿ ಜಪಾನಿನ ಸೇನೆ ನಡೆಸ್ತಿದ್ದ ಗುಟ್ಟಿನ ರೋಗಾಣು ಆಯುಧದ ಘಟಕ 731. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಈ ಆಯುಧ ಬಳಸಲಿಲ್ಲ. ಇಂಡಿಯಾನಾದ ವಿಗೊದಲ್ಲಿ ಆಂಥ್ರಾಕ್ಸ್‌ಗೆ ಅಂತ ಕಟ್ಟಿದ ಕಾರ್ಖಾನೆಯಲ್ಲಿ ನಿರುಪದ್ರವಿ ಬ್ಯಾಕ್ಟೀರಿಯಾ ಬೆಳೆಸಿ ಯಂತ್ರ ಪರೀಕ್ಷೆ ಮಾಡಿದ್ದಷ್ಟೇ. ಯುದ್ಧದ ನಂತರ ಅದನ್ನ ಫೈಜರ್ ಕಂಪನಿಗೆ ಗುತ್ತಿಗೆ ಕೊಟ್ಟು ಆಂಟಿಬಯಾಟಿಕ್ ತಯಾರಿಸಿದ್ರು.

ಹಾಗೆ ನೋಡಿದ್ರೆ ಅದೇ ಕೆಲಸದ ಒಂದು ಕವಲು ಕೆನಡಾದ ಗ್ರೋಸ್ ಐಲ್‌ನಲ್ಲಿ ನಡೀತು. ಶತ್ರು ದನಗಳ ಮೇಲೆ ರೋಗ ಬಿಟ್ಟಾನು ಅಂತ ಹೆದರಿ ಅಲ್ಲಿ ಕೋಳಿಮೊಟ್ಟೆಯಲ್ಲಿ ದೊಡ್ಡ ರೋಗದ (ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್ ಅನ್ನೋ ದನಗಳ ರೋಗ) ಲಸಿಕೆ ಬೆಳೆಸಿದ್ರು. ದೊಡ್ಡ ರೋಗ ಬಂತು ಅಂದ್ರೆ ಕೊಟ್ಟಿಗೆ ಖಾಲಿ ಆಗ್ತಿದ್ದ ಕಾಲ ನಮ್ಮ ಅಜ್ಜಿಗೆ ನೆನಪಿತ್ತು. ಆ ರೋಗ ಇಡೀ ಭೂಮಿಯಿಂದಲೇ ಹೋಯ್ತು ಅಂತ ಸಾರಿದ್ದು 2011ರಲ್ಲಿ. ಅದಕ್ಕೆ ನಂತರ ಬಂದ ಬೇರೆ ಲಸಿಕೆಗಳೇ ಮುಖ್ಯ ಕಾರಣ, ಗ್ರೋಸ್ ಐಲ್‌ಗೆ ಪೂರ್ತಿ ಹೆಗ್ಗಳಿಕೆ ಕೊಡೋಕಾಗಲ್ಲ.

ಇವರನ್ನ ಬಿಡಿಸೋಕೆ ವಾದ ಮಾಡ್ತಿಲ್ಲ ನಾನು. ಒಂದು ಬ್ಯಾಕ್ಟೀರಿಯಾವನ್ನ ದೊಡ್ಡ ಪ್ರಮಾಣದಲ್ಲಿ, ಬೇರೆ ಯಾವುದೂ ಸೇರದ ಹಾಗೆ, ಶಕ್ತಿ ಕುಂದದ ಹಾಗೆ ಬೆಳೆಸೋದು ಹೇಗೆ ಅನ್ನೋ ವಿದ್ಯೆ ರೈತರಿಗೆ ರೈಜೋಬಿಯಂ ಕೊಡೋರಿಗೆ ಗೊತ್ತಿತ್ತು. ಆಂಥ್ರಾಕ್ಸ್‌ಗೂ ಬೇಕಾಗಿದ್ದು ಅದೇ ವಿದ್ಯೆ. ಹೆದರಿಕೆ ಆಗೋದು ಅದಕ್ಕೆ.

ಇಷ್ಟು ಹೊತ್ತು ಗಂಡಸರ ಬಗ್ಗೆಯೇ ಮಾತಾಡಿದ್ವಿ. ಆ ಪುಸ್ತಕದ ಮೂರನೇ ಹೆಸರು ಯಾರಿಗೂ ಬೇಡವಾ? ಎಲಿಜಬೆತ್ ಮೆಕಾಯ್ ಹುಟ್ಟಿದ್ದು ಮ್ಯಾಡಿಸನ್‌ನಲ್ಲೇ, 1903ರಲ್ಲಿ. ಫ್ರೆಡ್ ಶಿಷ್ಯೆ. 1943ರಲ್ಲಿ ಪೂರ್ಣ ಪ್ರೊಫೆಸರ್ ಆದ್ರು. ಗೃಹವಿಜ್ಞಾನ, ನರ್ಸಿಂಗ್ ಬಿಟ್ಟರೆ ಆ ವಿಶ್ವವಿದ್ಯಾಲಯದಲ್ಲಿ ಆ ಹುದ್ದೆಗೇರಿದ ಎರಡನೇ ಹೆಂಗಸು. ಬ್ಯೂಟೈಲ್ ಆಲ್ಕೋಹಾಲ್ ಹುದುಗು, ಪೆನಿಸಿಲಿನ್, ಕೊನೆಗೆ ಕೆರೆಗಳ ಬ್ಯಾಕ್ಟೀರಿಯಾ, ಎಲ್ಲದರಲ್ಲೂ ಕೈಯಾಡಿಸಿದ್ರು. ಗುರು ಅಧ್ಯಕ್ಷ ಆದ, ಸಹಲೇಖಕ ಉಪಾಧ್ಯಕ್ಷ ಆದ, ಇವರು 1970ರ ದಶಕದ ತನಕ ಪ್ರಯೋಗಶಾಲೆಯಲ್ಲೇ ಉಳಿದ್ರು. ಉಳಿದರೋ ಉಳಿಸಿದರೋ, ಹೆಣ್ಣುಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೆಂಡೋಟ ಮಂಜು ಬರೆದದ್ದು:

ಅಕ್ಕ, ಪೆನಿಸಿಲಿನ್ ಅಂದಿರಿ. ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಕರಬೂಜ ಹಣ್ಣಿನ ಮೇಲೆ ಸಿಕ್ಕ ಬೂಷ್ಟನ್ನ ಎಕ್ಸ್‌ರೇಗೆ ಒಡ್ಡಿ ಒಂದು ತಳಿ ತೆಗೆದಿದ್ದರಲ್ಲ, ಅದನ್ನ ವಿಸ್ಕಾನ್ಸಿನ್‌ನವರು ನೇರಳಾತೀತ ಕಿರಣಕ್ಕೆ ಒಡ್ಡಿ 1945ರಲ್ಲಿ ಇನ್ನೂ ಹೆಚ್ಚು ಪೆನಿಸಿಲಿನ್ ಕೊಡೋ ಕ್ಯೂ-176 ಅನ್ನೋ ತಳಿ ತೆಗೆದರು. ಫ್ರೆಡ್ ಅದರಲ್ಲಿ ಕೈ ಹಾಕಿರಲಿಲ್ಲ. ಆದರೆ ಸಸ್ಯಶಾಸ್ತ್ರದವರು, ಜೀವರಸಾಯನದವರು ಒಂದೇ ಮೇಜಿಗೆ ಬರೋ ವಾತಾವರಣ ಅಲ್ಲಿತ್ತು. ಹುದುಗಿನ ಕೆಲಸದಲ್ಲಿ ಜೀವರಸಾಯನದ ಪೀಟರ್‌ಸನ್ ಜೊತೆ ಫ್ರೆಡ್ ತಾವೇ ವರ್ಷಗಟ್ಟಲೆ ದುಡಿದವರು.

1947ರಲ್ಲಿ 22 ವರ್ಷದ ಜೋಶುವಾ ಲೆಡರ್‌ಬರ್ಗ್‌ನ ಇಲ್ಲಿನ ತಳಿವಿಜ್ಞಾನ ವಿಭಾಗಕ್ಕೆ ತಗೊಂಡರು. ಬ್ಯಾಕ್ಟೀರಿಯಾಗಳಲ್ಲೂ ಲಿಂಗಸಂಯೋಗದಂಥದ್ದು ನಡೆಯತ್ತೆ ಅಂತ ತೋರಿಸಿದ್ದ ಹುಡುಗ. ಮುಂದೆ ನಾರ್ಟನ್ ಜಿಂಡರ್ ಜೊತೆ ವೈರಸ್ ಮೂಲಕ ವಂಶವಾಹಿ ಸಾಗೋದನ್ನ ಕಂಡದ್ದು, ಹೆಂಡತಿ ಎಸ್ತರ್ ಜೊತೆ ಮಖಮಲ್ ಬಟ್ಟೆ ಒತ್ತಿ ಒಂದು ತಟ್ಟೆಯ ಬ್ಯಾಕ್ಟೀರಿಯಾ ಕಾಲೊನಿಗಳನ್ನ ಇನ್ನೊಂದಕ್ಕೆ ನಕಲು ತೆಗೆಯೋ ಉಪಾಯ ಮಾಡಿದ್ದು ಎಲ್ಲ ಮ್ಯಾಡಿಸನ್‌ನಲ್ಲೇ. 1958ರಲ್ಲಿ ನೊಬೆಲ್ ಬಂತು. ಫ್ರೆಡ್ ಕುರ್ಚಿ ಬಿಟ್ಟದ್ದೂ ಅದೇ ವರ್ಷ. ನಂತರ ಬಂದ ಅಧ್ಯಕ್ಷ ಕಾನ್ರಾಡ್ ಎಲ್ವೆಹೆಮ್ ಕೂಡ ವಿಜ್ಞಾನಿಯೇ, ಪೆಲಾಗ್ರಾ ಅನ್ನೋ ಪೋಷಕಾಂಶ ಕೊರತೆಯ ರೋಗಕ್ಕೆ ನಿಕೋಟಿನಿಕ್ ಆಮ್ಲದ (ಒಂದು ಬಿ ವಿಟಮಿನ್) ದಾರಿ ತೋರಿಸಿದವರು.

ಹಳೇ ಕಡತ ಬರೆದದ್ದು:

ಅಲ್ಲಿ ಕೃಷಿ ಕಾಲೇಜು, ವೈದ್ಯಕೀಯ, ಸಾಹಿತ್ಯ ಎಲ್ಲ ಒಂದೇ ಆವರಣದಲ್ಲಿ. ನಮ್ಮಲ್ಲಿ ಕೃಷಿಗೆ ಬೇರೆ ವಿಶ್ವವಿದ್ಯಾಲಯ (ಬೆಂಗಳೂರಿನದು 1964ರದು), ಆರೋಗ್ಯಕ್ಕೆ ಬೇರೆ, ಈಗ ಸಂಸ್ಕೃತಕ್ಕೆ, ಜಾನಪದಕ್ಕೂ ಬೇರೆ. ಮಣ್ಣಿನ ಬ್ಯಾಕ್ಟೀರಿಯಾದವನು ತತ್ತ್ವಶಾಸ್ತ್ರದವನ ಬಜೆಟ್ಟಿಗೆ ಸಹಿ ಹಾಕುವ ಸಂದರ್ಭವೇ ನಮ್ಮಲ್ಲಿ ಬರುವುದಿಲ್ಲ. ಬರಬೇಕಿತ್ತೇ ಅನ್ನುವುದು ಬೇರೆ ಎಳೆಯ ವಿಷಯ, ಇಲ್ಲಿ ಬೇಡ.

ಕಡಲ ಬದಿಯವರ ಕಾಲಂ ಪ್ರಶ್ನೆಗೆ: ಸರ್ಕಾರಿ ಲೆಕ್ಕದಲ್ಲಿ ಅಮಾನತ್ತು ಖಾತೆ ಅಂತ ಒಂದಿದೆ. ಎಲ್ಲಿ ಹಾಕಬೇಕು ಅಂತ ತೀರ್ಮಾನವಾಗದ ಮೊತ್ತ ಅಲ್ಲಿ ಕೂತಿರುತ್ತದೆ, ವರ್ಷಾನುಗಟ್ಟಲೆ.

ಕಡಲ ಬದಿ ಬರೆದದ್ದು:

ಅಮಾನತ್ತು ಖಾತೆ! ನಿಮ್ಮ ಕಚೇರಿಯ ಬುದ್ಧಿ ಬಿಡಲಿಲ್ಲ ನೀವು. ನಾನಂತೂ ನಷ್ಟದಲ್ಲೇ ಬರೆಯುವವ. ಮೆಕಾಯ್ ಅವರ ಬಗ್ಗೆ ಮಾತ್ರ ಅಕ್ಕ ಬೇರೆಯೇ ಬರೆಯಬೇಕು, ಓದ್ಲಿಕ್ಕೆ ಕಾಯ್ತೇನೆ.

ಶೇಂಗಾ ಗೌಡ್ರು ಬರೆದದ್ದು:

ನೀವೆಲ್ಲ ಬಡಿದಾಡ್ರಿ. ನಾ ಅಕ್ಕಾವ್ರ ಮಾತು ಕೇಳಿ ಇವತ್ತು ಹೊಲಕ್ಕ ಹೋಗಿ ತೊಗರಿ ಗಿಡ ಕಿತ್ತು ನೋಡಿದೆ. ಗಂಟು ಅದಾವು. ಉಗುರಲೆ ಸೀಳಿದೆ, ಒಳಗ ಹಸರ ಬಣ್ಣ ಐತಿ. ಇದು ಚಲೋನೋ ಕೆಟ್ಟೋ?

ಅಗಾರ್ ಅಕ್ಕ ಬರೆದದ್ದು:

ಒಳಗೆ ಗುಲಾಬಿ ಕೆಂಪು ಇದ್ರೆ ಗಂಟು ಕೆಲಸ ಮಾಡ್ತಿದೆ ಅಂತ, ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್‌ನ ಸಂಬಂಧಿಯೊಂದು ಅಲ್ಲಿರತ್ತೆ. ಬಿಳೀ ಇದ್ರೆ ಎಳೆಯದು, ಇಲ್ಲಾ ದಂಡಪಿಂಡ. ಹಸಿರು ಅಂದ್ರೆ ಮುದಿಯಾಗಿದೆ. ಗಿಡ ಎಷ್ಟು ದಿನದ್ದು? ಹೂವಿನಲ್ಲಿದೆಯಾ?

ಶೇಂಗಾ ಗೌಡ್ರು ಬರೆದದ್ದು:

ಹೂವ ಎಂದೋ ಉದುರ್ಯಾವ್ರೀ. ಕಾಯಿ ಬಲತಾವು, ಇನ್ನ ಹದಿನೈದು ದಿನಕ್ಕ ಕೊಯ್ಯೂದು.

ಅಗಾರ್ ಅಕ್ಕ ಬರೆದದ್ದು:

ಹಾಗಾದ್ರೆ ಸರಿಯಾಗೇ ಇದೆ ಗೌಡ್ರೇ. ಅದರ ಕೆಲಸ ಮುಗೀತು. ಮುಂದಿನ ಸಲ ಹೂವಿಗೆ ಬರೋ ಹೊತ್ತಿಗೆ ಕಿತ್ತು ನೋಡಿ. ಬೇರು ಹರಿಯದ ಹಾಗೆ ಸಲಿಕೆಯಲ್ಲಿ ಮಣ್ಣು ಸಮೇತ ತೆಗೀಬೇಕು, ಕೈಯಲ್ಲಿ ಜಗ್ಗಿದ್ರೆ ಒಳ್ಳೇ ಗಂಟೆಲ್ಲ ಮಣ್ಣಲ್ಲೇ ಉಳೀತಾವೆ.